ಪಾತ್ರೆಗೆ ಹೆಸರು ಬರೆಯುವ ಯಂತ್ರ

ಆ ಯಂತ್ರಕ್ಕೆ ನಾನು ಬರೆದ ಮೂರು ನಕ್ಷೆಗಳಲ್ಲಿ ಎರಡನೆಯದನ್ನು ಆರಿಸಿದವರು ಯಾರು ಎಂಬುದು ನನಗೆ ಖಚಿತವಿಲ್ಲ. ಮಾವ ಎಂದು ಬಹಳ ವರ್ಷ ಹೇಳಿಕೊಂಡು ಬಂದೆ. ಹಾಗೆ ಹೇಳುವುದು ನನಗೆ ಅನುಕೂಲವಾಗಿತ್ತು ಎಂಬ ಕಾರಣಕ್ಕೇ ಈಗ ಅದನ್ನು ಪೂರ್ತಿ ನಂಬುವುದಿಲ್ಲ.

ತೊಂಬತ್ತರ ದಶಕದ ಕೊನೆ. ನಾನು ಎಂಜಿನಿಯರಿಂಗ್ ಮುಗಿಸಿ ಕೆಲಸವಿಲ್ಲದೆ ಓಡಾಡಿಕೊಂಡಿದ್ದೆ. ನನ್ನ ಸೋದರಮಾವ ಸಕಲೇಶಪುರದ ಒಂದು ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಯುತ್ತಿದ್ದರು. ನಮ್ಮ ಕಡೆ ಮದುವೆಗೆ ಕೊಡುವ ಸ್ಟೀಲ್ ಪಾತ್ರೆಯ ಮೇಲೆ ಕೊಟ್ಟವರ ಹೆಸರು, ಊರು ಇರಲೇಬೇಕು. ಗುಂಯ್‌ಗುಡುತ್ತ ಅದುರುವ ಕರೆಂಟಿನ ಪೆನ್ನು ಹಿಡಿದು ಮಾವ ಇಪ್ಪತ್ತು ವರ್ಷ ಅದನ್ನು ಬರೆದಿದ್ದರು. ಚಳಿಗಾಲದ ಬೆಳಗ್ಗೆ ಅವರ ಬೆರಳ ತುದಿಗಳು ಸುಣ್ಣದಂತೆ ಬೆಳ್ಳಗಾಗುತ್ತಿದ್ದವು. ಒಲೆಗೆ ಹಿಡಿದರೂ ಬೇಗ ಕೆಂಪೇರುತ್ತಿರಲಿಲ್ಲ. ಆಮೇಲೆ ಹಿಡಿತವೇ ತಪ್ಪತೊಡಗಿತು.

ಯಸಳೂರಿನ ಗಿರಾಕಿಯೊಬ್ಬರು ತಾವು ಕೊಂಡ ಕೊಳಗವನ್ನು ವಾಪಸ್ ತಂದಿಟ್ಟರು.

"ಏನ್ ಮಾರಾಯ, ನಮ್ಮಪ್ಪನ ಹೆಸ್ರಿಗೆ ಚಳಿಜ್ವರ ಬಂದಂಗೈತಲ್ಲ!"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಮಾವನೂ ನಕ್ಕರು. ನಗುತ್ತಲೇ ಬಲಗೈಯನ್ನು ಮೆಲ್ಲಗೆ ಮೇಜಿನ ಕೆಳಕ್ಕೆ ಇಳಿಸಿದರು. ಕೈ ಹೋದರೆ ಅವರಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಬರೆಯುವ ಪುಟ್ಟ ಯಂತ್ರವೊಂದನ್ನು ಮಾಡಿಕೊಡುತ್ತೇನೆಂದು ನಾನು ಮಾತು ಕೊಟ್ಟೆ.

ಮೊದಲನೆಯ ನಕ್ಷೆಯಲ್ಲಿ ಹಳೆಯ ಪ್ರಿಂಟರಿನ ಎರಡು ಮೋಟಾರುಗಳು ಪೆನ್ನನ್ನು ಅಡ್ಡಕ್ಕೂ ಉದ್ದಕ್ಕೂ ಎಳೆಯುತ್ತಿದ್ದವು, ಕೈಯೇ ಬೇಡ. ಎರಡನೆಯದು ನಾಲ್ಕು ಕಬ್ಬಿಣದ ಪಟ್ಟಿಗಳ ಜೋಡಣೆ. ಒಂದು ತುದಿಯ ಹಿಡಿಕೆಯಿಂದ ಮರದಲ್ಲಿ ಕೊರೆದ ದೊಡ್ಡ ಅಕ್ಷರದ ಮೇಲೆ ತಿದ್ದಿದರೆ, ಇನ್ನೊಂದು ತುದಿಗೆ ಕಟ್ಟಿದ ಅದೇ ಕರೆಂಟಿನ ಪೆನ್ನು ಅದನ್ನೇ ಕಾಲು ಅಳತೆಯಲ್ಲಿ ಪಾತ್ರೆಯ ಮೇಲೆ ಬರೆಯುತ್ತಿತ್ತು. ಮೂರನೆಯದರಲ್ಲಿ ಪಾತ್ರೆಯೇ ಉರುಳಬೇಕಿತ್ತು. ನೆಟ್ಟಗೆ ಉರುಳದ ಚೊಂಬಿನ ಹೊಟ್ಟೆ ಅದನ್ನು ಮೊದಲ ದಿನವೇ ಸೋಲಿಸಿತು.

ಊರಿನಲ್ಲಿದ್ದ ಕಂಪ್ಯೂಟರ್ ಕ್ಲಾಸಿನವರ ಕಂಪ್ಯೂಟರಿಗೆ ಜೋಡಿಸಿದಾಗ ಮೋಟಾರಿನದು ಬರೆಯಿತೇನೋ ನಿಜ. ಆದರೆ ನಮ್ಮ ದುಂಡನೆಯ ಅಕ್ಷರಗಳೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಬಂದವು.

"ಇದೇನಳಿಯಾ, 'ರ' ಬರಿ ಅಂದ್ರೆ ಶಿರಾಡಿ ಘಾಟಿ ರಸ್ತೆ ಬರ್ದೈತೆ! ಇದಕ್ಕಾ ಯೂನಿವರ್ಸಿಟಿಯೋರು ನಿಂಗೆ ಸರ್ಟಿಫಿಕೇಟ್ ಕೊಟ್ಟಿದ್ದು?"

"ಹಂಗಾದ್ರೆ ಪಟ್ಟೀದು ನೋಡಿ ಮಾವ. ಇದ್ರಲ್ಲಿ ಕೈ ಅಲುಗಿದ್ರೂ ಪಾತ್ರೆ ಮೇಲೆ ಕಾಲು ಭಾಗಾನೇ ಕಾಣೋದು."

"ಪಾತ್ರೆ ಮೇಲೆ ಕಾಣಲ್ಲ, ಸರಿ ಕಣೋ. ಕೈ ಕತೆ?"

ಹೀಗೆ ಕೇಳಿದರೆಂದು ನೆನಪು. ಇಲ್ಲವೇ ಈ ಪ್ರಶ್ನೆಯನ್ನು ನಾನೇ ಆಮೇಲೆ ಅವರ ಬಾಯಿಗೆ ಹಾಕಿರಬಹುದು. ಮದುವೆಯ ಕಾಲ ಹತ್ತಿರ ಬಂದಿತ್ತು. ಮೋಟಾರನ್ನು ತಿದ್ದಲು ಇನ್ನೂ ಕೆಲವು ತಿಂಗಳು ಬೇಕಿತ್ತು. ಎರಡನೆಯದೇ ಉಳಿಯಿತು.

ಅಕ್ಷರ ಎಷ್ಟು ಚೆಂದ ಬಂತೆಂದರೆ ಆಲೂರಿನಿಂದಲೂ ಪಾತ್ರೆಗಳು ಬರತೊಡಗಿದವು. ಮಾವ ಮೊದಲಿಗಿಂತ ಹೆಚ್ಚು ಹೊತ್ತು ಕೂರತೊಡಗಿದರು. ಎಲ್ಲರೂ ಅಕ್ಷರ ನೋಡುತ್ತಿದ್ದರು, ಕೈ ನೋಡುವವರಿರಲಿಲ್ಲ. ನಾನೂ ನೋಡಲಿಲ್ಲ. ಮೂರನೆಯ ಚಳಿಗಾಲಕ್ಕೆ ಆ ಬಿಳುಪು ಬೆರಳ ಬುಡದವರೆಗೂ ಇಳಿದಿತ್ತು. ಒಂದು ಬೆಳಗ್ಗೆ ಅವರ ಮನೆಗೆ ಹೋದಾಗ ಅತ್ತೆ ಅವರ ಅಂಗಿಗೆ ಗುಂಡಿ ಹಾಕುತ್ತಿದ್ದರು. ನನ್ನನ್ನು ಕಂಡು ಇಬ್ಬರೂ ಮಳೆಯ ಮಾತು ತೆಗೆದರು.

ಹಾಸನದ ವೈದ್ಯರಲ್ಲಿಗೆ ನಾನೇ ಕರೆದುಕೊಂಡು ಹೋದೆ. ಅದುರುವ ಯಾವ ವಸ್ತುವನ್ನೂ ಇನ್ನು ಹಿಡಿಯಕೂಡದು, ಹಿಡಿದಷ್ಟೂ ಬೆರಳು ಕೆಡುತ್ತದೆ ಎಂದರು.

"ಪೆನ್ನು ಬುಟ್ಟು ಮೂರು ವರ್ಷ ಆಯ್ತು ಸಾ. ಈಗೆಲ್ಲ ನಮ್ಮಳಿಯನ ಮಿಷಿನ್ನೇ" ಎಂದರು ಮಾವ, ಹೆಮ್ಮೆಯಿಂದ.

ವೈದ್ಯರು ಆಗ ನನ್ನ ಮುಖ ನೋಡಿದರೆಂದು ನೆನಪು. ನೋಡದೆಯೂ ಇದ್ದಿರಬಹುದು.

ಮಾರನೆಯ ದಿನ ಒಬ್ಬನೇ ಅಂಗಡಿಗೆ ಹೋದೆ. ಸ್ವಿಚ್ ಹಾಕಿ, ಪೆನ್ನಿನಿಂದ ಒಂದೂವರೆ ಅಡಿ ದೂರವಿದ್ದ ಹಿಡಿಕೆಯನ್ನು ಮಾವ ಹಿಡಿಯುವಂತೆಯೇ ಬಿಗಿಯಾಗಿ ಹಿಡಿದೆ. ಅದುರುವಿಕೆ ಪಟ್ಟಿಗಳ ಉದ್ದಕ್ಕೂ ಹರಿದು ನನ್ನ ಬೆರಳಿಗೆ ಬಂತು. ಸ್ವಿಚ್ ಆರಿಸಿ ಪೆನ್ನನ್ನು ಬಿಚ್ಚಿದೆ, ಮತ್ತೆ ಸ್ವಿಚ್ ಹಾಕಿ ಅದನ್ನೇ ಕೈಯಲ್ಲಿ ಹಿಡಿದು ಹೋಲಿಸಿ ನೋಡಿದೆ. ಅದುರುವಿಕೆ ಹೆಚ್ಚು ಕಡಿಮೆ ಅಷ್ಟೇ ಇತ್ತು.