ಮಂಚದಕ್ಕ

ಮಂಚದಕ್ಕ ನಿನ್ನೆ ತೀರಿಕೊಂಡರು. ಬರಿನೆಲದ ಮೇಲೆ ಮಲಗುವ ಮಕ್ಕಳಿಗಾಗಿ ಊರಿನ ಬಡಗಿಗಳನ್ನೆಲ್ಲ ರಜಾದಿನ ಕಲೆಹಾಕಿ, ಸಂಬಳವಿಲ್ಲದೆ ಮಂಚ ಮಾಡಿಸುತ್ತಿದ್ದವರು. ಮರದಂಚಿಗೆ ತಮ್ಮ ಕೆನ್ನೆಯನ್ನೇ ಉಜ್ಜಿ ನೋಡುವರು. ಒಂದು ಸಿಬಿರು ತಾಗಿದರೂ ಮಂಚ ವಾಪಸ್ಸು. "ಪುಕ್ಕಟೆ ಮಂಚಕ್ಕೆ ಇಷ್ಟು ನಯ ಯಾಕಕ್ಕ?" ಎಂದ ಬಡಗಿಗೆ, "ಪುಕ್ಕಟೆ ಅಂದ್ರೆ ಮಗು ಚರ್ಮ ದಪ್ಪ ಆಗುತ್ತೇನೋ?" ಎಂದಿದ್ದರು. ಅವನು ಮತ್ತೆ ಮರ ಉಜ್ಜತೊಡಗಿದ. ಇವತ್ತು ಅವರ ಹೆಣದ ಮುಂದೆ ನಿಂತು ಮರದ ವ್ಯಾಪಾರಿ ನಾಚಿಕೆಯಿಲ್ಲದೆ ತನ್ನ ದಾನವನ್ನೇ ಕೊಂಡಾಡಿಕೊಂಡ. ಮರ ಕೊಟ್ಟ ನೆಪದಲ್ಲಿ ಪ್ರತಿ ಮಂಚದ ತಲೆಬದಿಗೂ ತನ್ನ ಹೆಸರಿನ ತಗಡು ಹೊಡೆಸಿದ್ದ ಮಹಾನುಭಾವ. "ಮಲಗೋ ಮಗು ದಿನಾ ನಿಮ್ಮ ಹಂಗು ಓದ್ಕೊಂಡು ಕಣ್ಮುಚ್ಚಬೇಕಾ ಸ್ವಾಮಿ?" ಎಂದು ಅಕ್ಕ ಕೇಳಿದಾಗ ನಕ್ಕಿದ್ದ. ಮೊನ್ನೆ, ಎದೆನೋವೆಂದು ಆಸ್ಪತ್ರೆಗೆ ಹೊರಡುವ ಮುಂಚೆ, ಅಕ್ಕ ಹಂಚಲು ಸಿದ್ಧವಾಗಿದ್ದ ಮಂಚಗಳಿಂದ ಆ ತಗಡುಗಳನ್ನೆಲ್ಲ ಕಿತ್ತು, ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ, ಮೊಳೆಯ ತೂತುಗಳನ್ನು ಹೆಬ್ಬೆರಳಿನಿಂದ ಒತ್ತಿ ಮುಚ್ಚಿದ್ದರು.