ಸೆರಗಿನಲ್ಲಿ ಕಟ್ಟಿದ ಕೈ

ಅದಿರಿನ ಲಾರಿಗಳ ಕೆಂಪು ಧೂಳು ನಮ್ಮ ಸೀರೆಯ ಬಣ್ಣವನ್ನೇ ಮರೆಸುತ್ತಿದ್ದ ವರ್ಷಗಳವು. ಸಂಡೂರಿನ ಶಾಲಾ ಮೈದಾನವೊಂದರಲ್ಲಿ, ಹುಡುಗಿಯರ ಗೈಡ್ ದಳ ನಡೆಸಲು ಮುಂದೆ ಬಂದ ಹೆಂಗಸರಿಗೆ ನಾನು ತರಬೇತಿ ಕೊಡುತ್ತಿದ್ದೆ. ಅಭ್ಯಾಸಕ್ಕೆ ಬಂದ ಶಾಲೆಯ ಹುಡುಗಿಯರು ಮೂರು ಕಲ್ಲಿಟ್ಟು ಒಲೆ ಹೂಡಿದರೆ ಸಾಕು, ಇವರು ಓಡಿಹೋಗಿ ಊದಿಬಿಡುತ್ತಿದ್ದರು. ತಾಯಂದಿರ ಕೈ ಸುಮ್ಮನಿರುವುದಿಲ್ಲ.

"ಅವರೇ ಕಲೀಲಿ, ನೀವು ಕೈ ಹಿಂದಕ್ಕ ಕಟ್ಟಿ ನಿಲ್ರಿ" ಎಂದು ಗದರುತ್ತಿದ್ದೆ.

ಕಂಪ್ಲಿಯ ಅಕ್ಕಿ ಗಿರಣಿ ಮನೆಯ ಸೊಸೆಯೊಬ್ಬರು ಪಕ್ಕದವರಿಂದ ತಮ್ಮ ಸೆರಗಿನಲ್ಲೇ ಕೈ ಕಟ್ಟಿಸಿಕೊಂಡು, "ಹಿಂಗಾದ್ರ ಮಾತ್ರ ನಿಲ್ತಾವ್ರಿ ಮೇಡಂ" ಎಂದರು.

ಅಂದಿನ ಅನ್ನ ಸೀದು ಹೋಯಿತು. ಹುಡುಗಿಯರು ಅದನ್ನೇ ಹಬ್ಬದೂಟದಂತೆ ಉಂಡರು.

ಈಗ ಮೊಮ್ಮಗಳು ಸೊಟ್ಟ ರೊಟ್ಟಿ ತಟ್ಟುವಾಗ ಬಾಗಿಲಲ್ಲಿ ನಿಂತ ನನ್ನ ಕೈ ತಾನಾಗಿಯೇ ಸೆರಗು ಹುಡುಕುತ್ತದೆ.