ಎಡಗಡೆ ಜಡೆಯ ಸುಳ್ಳು

ಅಕ್ಕಾ, ಆ ಧಾರಾವಾಹಿಯ ಕೊನೆಯ ಕಂತು ಅಂತ ನಾನು ನಿನಗೆ ಹೇಳಿದ ಕಥೆ ಸುಳ್ಳು. ಮಾಟಗಾತಿಯರ ದೊಡ್ಡಕ್ಕ ಹೊಸ್ತಿಲಿಂದ ವಾಪಸ್ ತಿರುಗಲಿಲ್ಲ. ಅವಳು ಹೋದಳು. ನಗುತ್ತಲೇ ಹೋದಳು.

ಇಷ್ಟು ಬರೆಯೋದಕ್ಕೆ ಹನ್ನೊಂದು ವರ್ಷ ಬೇಕಾಯಿತು — ಊರಿನವರ ಮುಂದೆಲ್ಲ 'ಪುರಾವೆ ಎಲ್ಲಿ, ಪುರಾವೆ ಎಲ್ಲಿ' ಅಂತ ಕೇಳಿಕೊಂಡು ತಿರುಗುವ ನನಗೆ.

ಸರಸ್ವತಿಪುರಂ ಮನೆಯ ಬೆಳಗುಗಳು ನೆನಪಿವೆ ತಾನೇ? ಸ್ಕೂಲಿಗೆ ನನಗೆ ಎರಡು ಜಡೆ, ಬಿಳಿ ರಿಬ್ಬನ್ ಕಡ್ಡಾಯ. ಹೆಣೆಯುವ ನೀನು ಮೇಲಿನ ಮೆಟ್ಟಿಲು, ನಾನು ಕೆಳಗಿನದು. ಹಿಂದಿನ ಸಂಜೆಯ ಕಂತು ಯಾರಿಗೆ ತಪ್ಪಿತ್ತೋ ಅವರಿಗೆ ಇನ್ನೊಬ್ಬರು ಹೇಳಬೇಕು. ಬಲಗಡೆ ಜಡೆ ಮುಗಿಯೋದರೊಳಗೆ ಅರ್ಧ ಕಥೆ, ಎಡಗಡೆ ಜಡೆಗೆ ಉಳಿದರ್ಧ. ಒಂದೇ ನಿಯಮ: ಏನನ್ನೂ ಸೇರಿಸಬಾರದು, ಏನನ್ನೂ ಬಿಡಬಾರದು. ಆ ನಿಯಮ ಮಾಡಿದವಳೂ ನಾನೇ.

ಧಾರಾವಾಹಿಯಲ್ಲಿ ಮೂವರು ಮಾಟಗಾತಿ ಅಕ್ಕತಂಗಿಯರು, ಒಂದು ಹಳೇ ಮನೆ, ಮೂವರೂ ಕೈ ಹಿಡಿದರೆ ಮಾತ್ರ ಫಲಿಸುವ ಮಂತ್ರ. ಪ್ರತಿ ಕಂತಿಗೂ ನನ್ನದೊಂದು ತಕರಾರು — ಭೂತ ಓಡಿಸೋರಿಗೆ ಕಳೆದುಹೋದ ಬೀಗದ ಕೈ ಹುಡುಕೋಕಾಗಲ್ವಾ? "ಸುಮ್ನೆ ನೋಡೇ, ಲಾಯರಮ್ಮ" ಅಂತ ನೀನು ತಲೆಗೆ ಮೊಟಕುತ್ತಿದ್ದೆ.

ಆ ವಾರ ಲಕ್ನೋದಿಂದ ನಿನಗೆ ಕಾಗದ ಬಂದಿತ್ತು. ಹಳೇ ಚಿತ್ರಪಟಗಳ ಬಿರುಕು ಮುಚ್ಚಿ, ಬಣ್ಣ ಉಳಿಸುವ ಕೆಲಸ ಕಲಿಸುವ ಎರಡು ವರ್ಷದ ಕೋರ್ಸು. ಸೀಟು ಸಿಕ್ಕಿತ್ತು. ಅಪ್ಪ ಅಮ್ಮ "ನಿನ್ನಿಷ್ಟ" ಅಂದಿದ್ದರು. ಸೋಮವಾರದೊಳಗೆ ಉತ್ತರ ಕಳಿಸಬೇಕು. ಅತ್ತ ಧಾರಾವಾಹಿಯಲ್ಲೂ ದೊಡ್ಡಕ್ಕ ಊರು ಬಿಡೋದೋ ಬೇಡವೋ ಅಂತ ಹೊಸ್ತಿಲಲ್ಲಿ ನಿಂತಿದ್ದಳು — ಅವಳು ಹೋದರೆ ಮೂವರ ಶಕ್ತಿಯೂ ಹೋದೀತು ಅನ್ನೋ ಭಯ. ನೀನು ನಕ್ಕು ಅಂದೆ: "ಅವಳು ಹೋದ್ರೆ ನಾನೂ ಹೊರಟ್ಬುಡ್ತೀನಿ ಕಣೇ."

ಕೊನೆಯ ಕಂತಿನ ಸಂಜೆ ನೀವೆಲ್ಲ ಅತ್ತೆ ಮನೆಯ ಸತ್ಯನಾರಾಯಣ ಪೂಜೆಗೆ ಹೋದಿರಿ. ಪೂಜೆ ಅಂದರೆ ನನಗೆ ಆಗದು. ಟೆಸ್ಟ್ ನೆಪ ಹೇಳಿ ಉಳಿದೆ. ಒಬ್ಬಳೇ ನೋಡಿದೆ. ದೊಡ್ಡಕ್ಕ ಹೋದ ಮೇಲೆ ತಂಗಿಯರಿಬ್ಬರೂ ಅತ್ತರು, ಆಮೇಲೆ ಅಳುಕುತ್ತಲೇ ಮಂತ್ರ ಹೇಳಿದರು — ಅದು ಫಲಿಸಿತು! ದೂರದೂರಲ್ಲಿ ಅಕ್ಕನ ಕೈಯಲ್ಲೂ ಬೆಳಕು ಬಂತು. ಶಕ್ತಿ ಎಲ್ಲೂ ಹೋಗಿರಲಿಲ್ಲ.

ಬೆಳಿಗ್ಗೆ ಬಲಗಡೆ ಜಡೆ ಮುಗಿಯುವವರೆಗೆ ನಿಜವನ್ನೇ ಹೇಳಿದೆ. ಎಡಗಡೆಗೆ ಬಂದೆವು. ಡಿಬೇಟ್‌ನಲ್ಲಿ ಮೇಷ್ಟ್ರು ಕಲಿಸಿದ್ದರು: ಕೊನೇ ಮಾತು ಮೆತ್ತಗಿರಬೇಕು, ಅದೇ ಎದೆಗೆ ತಾಗೋದು. ಮೆತ್ತಗೆ ಹೇಳಿದೆ: "ಕಿರಿಯವಳ ಕೈ ತಣ್ಣಗಾಗೋಯ್ತು ಅಕ್ಕಾ. ಅದನ್ನ ನೋಡಿ ದೊಡ್ಡವಳು ಸೂಟ್‌ಕೇಸ್ ಕೆಳಗಿಟ್ಟುಬುಟ್ಳು."

ನಿನ್ನ ಬೆರಳು ನಿಂತವು. ಆಮೇಲೆ ಹೆಣೆದೆ — ಸಡಿಲವಾಗಿ. ಆ ರಿಬ್ಬನ್ ಮಧ್ಯಾಹ್ನಕ್ಕೇ ಬಿಚ್ಚಿಕೊಂಡಿತು. ಸೋಮವಾರ ನೀನು 'ಬರಲಾಗುವುದಿಲ್ಲ' ಅಂತ ಉತ್ತರ ಕಳಿಸಿದೆ. ಆ ಕಂತಿನ ಮರುಪ್ರಸಾರ ಬರುವ ಮೊದಲೇ ಕೇಬಲ್‌ನವರು ಆ ಚಾನೆಲ್ ತೆಗೆದುಬಿಟ್ಟರು, ನಾನು ಸಿಕ್ಕಿಬೀಳಲಿಲ್ಲ.

ನನ್ನ ಪರವಾಗಿ ನಾನೇ ಎಷ್ಟು ಸಲ ವಾದಿಸಿದ್ದೇನೆ ಗೊತ್ತಾ? ಟಿವಿ ಕಥೆ ಕೇಳಿ ಯಾರು ಬದುಕು ತೀರ್ಮಾನಿಸುತ್ತಾರೆ — ಇದು ನನ್ನ ಮೊದಲ ವಾದ. ಆದರೆ ಪರಿಣಾಮ ಆಗಲ್ಲ ಅಂತ ನಂಬಿದ್ದರೆ ಸುಳ್ಳು ಯಾಕೆ ಹೇಳಿದೆ? ಮಾಟಮಂತ್ರ ನಂಬದ ನಾನು ಆ ಬೆಳಿಗ್ಗೆ ಮಾಡಿದ್ದಾದರೂ ಏನು... ಎರಡನೆಯದು: ಅಕ್ಕ ಈಗ ಚೆನ್ನಾಗಿದ್ದಾಳಲ್ಲ. ಹೌದು, ಚೆನ್ನಾಗಿದ್ದೀಯ. ಒಂಟಿಕೊಪ್ಪಲಿನ ನಿನ್ನ ಮನೆ, ಬಣ್ಣ ಮೆತ್ತಿಕೊಂಡು ಗಲಾಟೆ ಮಾಡುವ ನಿನ್ನ ಡ್ರಾಯಿಂಗ್ ಕ್ಲಾಸಿನ ಮಕ್ಕಳು, ಭಾನುವಾರದ ಬಿಸಿಬೇಳೆಬಾತ್, ಊಟ ಆದ ಮೇಲೆ ನಾವಿಬ್ಬರೂ ಚಾಪೆ ಹಾಸಿ, ಈಗ ಇಂಟರ್‌ನೆಟ್‌ನಲ್ಲಿ ಸಿಗುವ ಅದೇ ಮಾಟಗಾತಿಯರನ್ನು ಟಿವಿಯಲ್ಲಿ ಮೊದಲಿಂದ ಮತ್ತೆ ನೋಡುವುದು — ನನ್ನ ವಾರದಲ್ಲಿ ಇದಕ್ಕಿಂತ ಒಳ್ಳೇ ಹೊತ್ತಿಲ್ಲ. ಆದರೆ ಆ ಸುಖ ನೀನು ಕಟ್ಟಿಕೊಂಡದ್ದು. ಅದನ್ನು ನನ್ನ ಸುಳ್ಳಿಗೆ ಸಾಕ್ಷಿಯಾಗಿ ಕರೆಯುವ ಹಕ್ಕು ನನಗಿಲ್ಲ. ನಿಜ ಇಷ್ಟೇ: ನೀನಿಲ್ಲದ ಮನೆ ನನಗೆ ಬೇಕಿರಲಿಲ್ಲ. ಹೋಗಬೇಡ ಅನ್ನಬಹುದಿತ್ತು. ಹಾಗಂದಿದ್ದರೆ ನೀನು 'ಹೋಗ್ತೀನಿ' ಅನ್ನಬಹುದಿತ್ತಲ್ಲ — ಅದಕ್ಕೇ ಅನ್ನಲಿಲ್ಲ.

ಕಳೆದ ಭಾನುವಾರ ಪಾತ್ರೆ ಒರೆಸುತ್ತಾ ನೀನಂದೆ: "ಮುಂದಿನ ವಾರ ಕೊನೇ ಕಂತು, ಅದನ್ನ ನಾನು ನೋಡೇ ಇಲ್ಲ ಕಣೇ, ನೀನು ಹೇಳಿದ್ದಷ್ಟೇ. ಆ ಸೂಟ್‌ಕೇಸ್ ಕೆಳಗಿಡ್ತಾಳಲ್ಲ, ಅದನ್ನ ನೋಡ್ಬೇಕು ನಾನು."

ಅವಳು ಕೆಳಗಿಡಲ್ಲ ಅಕ್ಕಾ. ಅದನ್ನು ಟಿವಿ ನಿನಗೆ ಹೇಳಬಾರದು, ನಾನೇ ಹೇಳಬೇಕು ಅಂತ ಈ ಕಾಗದ. ಶನಿವಾರದೊಳಗೆ ನಿನ್ನ ಕೈ ಸೇರುತ್ತೆ. ಭಾನುವಾರ ಒಬ್ಬಳೇ ನೋಡಬೇಕು ಅನ್ನಿಸಿದರೆ ಒಂದು ಮಾತು ತಿಳಿಸು, ನಾನು ಬರುವುದಿಲ್ಲ. ಬಾ ಅಂದರೆ ಬಂದು ನಿನ್ನ ಮನೆಯ ಕೆಳಗಿನ ಮೆಟ್ಟಿಲಲ್ಲಿ, ಆಗಿನ ಹಾಗೇ, ಕೂತಿರುತ್ತೇನೆ. ನೀನು ಏನೇ ಅಂದರೂ — ಎದುರು ಮಾತಾಡುವುದಿಲ್ಲ.